ಮಲ್ಪೆ ದಕ್ಕೆಯಲ್ಲಿ ನೋಕಿಯಾ ಇ71: ಎರಡು ಸೀಸನ್ ಓಡಿಸಿದ ನನ್ನ ಅನುಭವ

ಈ ಸಲ ಮೇ 31ಕ್ಕೆ ಬೋಟುಗಳು ದಡ ಸೇರಿದಾಗ ನನ್ನ ಹಳೆಯ ಕೀಬೋರ್ಡ್ ಫೋನು ಇ71 ಎರಡನೇ ಮೀನುಗಾರಿಕೆ ಸೀಸನ್ ಮುಗಿಸಿತು. ಈ ಸೀಸನ್ನಿನಲ್ಲಿ ಒಂದು ಕೀ ಸತ್ತಿಲ್ಲ, ಏಲಂ ಹೊತ್ತಿನಲ್ಲಿ ಒಂದು ದಿನವೂ ಕೈಕೊಟ್ಟಿಲ್ಲ. "ಗುಜರಿ ಸೆಟ್ ಹಿಡ್ಕೊಂಡು ವ್ಯಾಪಾರ ಆಗ್ತದಾ ಮಾರಾಯ?" ಎಂದು ನಗಾಡಿದವರಲ್ಲಿ ಇಬ್ಬರು ಈಗ ತಮಗೂ ಒಂದು ಹುಡುಕಿಕೊಡು ಅಂತಿದ್ದಾರೆ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಮೀನಿನ ಕಮಿಷನ್ ವ್ಯಾಪಾರ. ಬೆಳಿಗ್ಗೆ ಐದಕ್ಕೆ ದಕ್ಕೆಗೆ, ಅಂದರೆ ಬೋಟಿನಿಂದ ಮೀನು ಇಳಿಸುವ ಕಟ್ಟೆಗೆ, ಇಳಿದರೆ ಹತ್ತು ಗಂಟೆಯ ತನಕ ಕೈ ಒಣಗುವುದಿಲ್ಲ. ಐಸ್ ನೀರು, ಬಂಗುಡೆಯ ಲೋಳೆ, ಭೂತಾಯಿಯ ಹುರುಪೆ. ಆ ಬೆರಳಿಗೆ ಟಚ್‌ಸ್ಕ್ರೀನ್ ಜಪ್ಪಯ್ಯ ಅಂದರೂ ಒಗ್ಗುವುದಿಲ್ಲ. ನೀರಿನ ಹನಿಯನ್ನೇ ಬೆರಳು ಅಂದುಕೊಂಡು ತನ್ನಷ್ಟಕ್ಕೆ ಏನೇನೋ ಒತ್ತಿಕೊಳ್ಳುತ್ತದೆ. ಒಂದು ದಿನ ಶಿವಮೊಗ್ಗದ ಪಾರ್ಟಿ ಅಂಜಲ್ ಮೀನಿಗೆ ರೇಟು ಹೇಳಲು ಫೋನ್ ಮಾಡಿದರು. ಪರದೆಯ ಹಸಿರು ಗುಂಡಿಯನ್ನು ಎಳೆದೇ ಎಳೆದೆ, ಬರಲಿಲ್ಲ. ಕೈ ಲುಂಗಿಗೆ ಒರೆಸಿ ಎತ್ತುವಷ್ಟರಲ್ಲಿ ಏಲಂ ಮುಗಿದು ಮಾಲು ಬೇರೆಯವರ ಟೆಂಪೋ ಹತ್ತಿಯಾಗಿತ್ತು. ಅದಲ್ಲದೆ ಮೂರು ವರ್ಷದಲ್ಲಿ ಎರಡು ಸ್ಮಾರ್ಟ್‌ಫೋನ್ ಉಪ್ಪುನೀರಿಗೆ ಹೋದವು. ಒಂದು ಹದಿನಾಲ್ಕು ಸಾವಿರದ್ದು, ಇನ್ನೊಂದು ಹನ್ನೊಂದೋ ಏನೋ.

ಇ71 ನನಗೆ ಹೊಸದಲ್ಲ. ಅದು 2008ರಲ್ಲಿ ಬಂದ ಸೆಟ್. ಆಗ ನಾನು ಐಸ್ ಹೊಡೆಯುವ ಹುಡುಗ. ನಮ್ಮ ಸಾಹುಕಾರರ ಜೇಬಿನಲ್ಲಿ ಅದರ ಸ್ಟೀಲ್ ಬೆನ್ನು ಹೊಳೆಯುವುದನ್ನು ನೋಡುತ್ತಿದ್ದೆ. 10 ಮಿಲಿಮೀಟರ್ ದಪ್ಪ, 127 ಗ್ರಾಂ, ಪೂರ್ತಿ ಇಂಗ್ಲಿಷ್ ಕೀಬೋರ್ಡ್. ಈಗಿನ ಫೋನುಗಳು ಅದಕ್ಕಿಂತ ತೆಳ್ಳಗೆ ಉಂಟು, ಒಪ್ಪುತ್ತೇನೆ. ಆದರೆ ಅವುಗಳ ಉದ್ದ ನೋಡಿ, ಅರ್ಧ ಜೇಬಿನ ಹೊರಗೆ. ಕ್ರೇಟಿಗೆ ಬಗ್ಗಿದರೆ ಮೊದಲು ಬೀಳುವುದು ಅದೇ. ಇ71 ಉದ್ದ 114 ಮಿಲಿಮೀಟರ್, ಅಂಗಿಯ ಜೇಬಿನಲ್ಲಿ ಬಿಲ್ ಬುಕ್ಕಿನ ಹಿಂದೆ ಪೂರ್ತಿ ಮುಳುಗುತ್ತದೆ. ಗಿಡ್ಡ, ತೆಳ್ಳಗಿನ ಫೋನಿನ ಬೆಲೆ ನನಗೆ ಗೊತ್ತಾದದ್ದು ಅಲ್ಲಿ.

ಮೊದಲು ತೆಗೆದುಕೊಂಡದ್ದು ಡೂಪ್ಲಿಕೇಟ್. 1,800 ರೂಪಾಯಿ. ರಾತ್ರಿ ಹೊತ್ತು ಅವಸರದಲ್ಲಿ ಕೊಂಡು ಮನೆಗೆ ಬಂದು ಬ್ಯಾಟರಿ ತೆಗೆದರೆ ಎರಡು ಸಿಮ್ ಹಾಕುವ ಜಾಗ, ಮೂಲೆಯಲ್ಲಿ ಟಿವಿ ಆಂಟೆನಾ! ಅಸಲಿ ಇ71ಗೆ ಸಿಮ್ ಒಂದೇ. ಈಗ ಯಾರ ಹತ್ತಿರ ತೆಗೆದುಕೊಂಡರೂ ಅಲ್ಲೇ ನಿಂತು *#0000# ಒತ್ತುತ್ತೇನೆ, ಇ71ರ ಮಾಡೆಲ್ ನಂಬರ್ ಆರ್‌ಎಂ-346 ಅಂತ ಬರಬೇಕು. *#06# ಒತ್ತಿ ಬರುವ ಐಎಂಇಐ (ಪ್ರತಿ ಸೆಟ್ಟಿನ ಗುರುತಿನ ನಂಬರ್) ಬ್ಯಾಟರಿ ಅಡಿಯ ಚೀಟಿಗೆ ಹೊಂದಬೇಕು. ಹೊಂದದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಎರಡನೆಯದು ಅಸಲಿ, 2,200. ಅದನ್ನು ಹಾಳು ಮಾಡಿದವನು ನಾನೇ. ನ್ಯಾನೊ ಸಿಮ್ಮನ್ನು ಅಡಾಪ್ಟರಿಗೆ ಸಿಕ್ಕಿಸಿ ಹಾಕಿದೆ. ತೆಗೆಯುವಾಗ ಅಡಾಪ್ಟರಿನ ಅಂಚು ಒಳಗಿನ ಪಿನ್ನಿಗೆ ಸಿಕ್ಕಿತು, ಎಳೆದೆ, ಪಿನ್ನು ಬಾಗಿತು. ಸಿಮ್ ಸೇವೆಯವರ ಹತ್ತಿರ ದೊಡ್ಡ ಅಳತೆಯ ಸಿಮ್ಮೇ ಕೇಳಿ ಪಡೆಯಿರಿ, ಅಡಾಪ್ಟರ್ ಸಹವಾಸ ಬೇಡ. 4ಜಿ ಮಾತ್ರ ಇರುವ ಸಿಮ್ ಇದರಲ್ಲಿ ನಡೆಯುವುದಿಲ್ಲ, 2ಜಿ ಇನ್ನೂ ಇಟ್ಟುಕೊಂಡವರದ್ದೇ ಆಗಬೇಕು.

ಮೂರನೆಯದು ಮಂಗಳೂರು ಹಂಪನಕಟ್ಟೆ ಕಡೆಯಿಂದ, 2,600. ಈಗ ಕೈಯಲ್ಲಿರುವುದು ಇದೇ. ಇದೂ ಮೊದಲ ವಾರ ಅಳಿಸಿತು. ಬೆಳಿಗ್ಗೆ ಏಳು ಗೆರೆ ಬ್ಯಾಟರಿ, ಮರುದಿನ ಮಧ್ಯಾಹ್ನ ಒಂದೇ ಗೆರೆ. ಬ್ಯಾಟರಿ ಬದಲಿಸಿದೆ, 250 ಹೋಯಿತು. ಇನ್ನೊಂದು ಬದಲಿಸಿದೆ, ಮತ್ತೆ 250. ಎರಡನೆಯದು ಮೂರೇ ವಾರದಲ್ಲಿ ಉಬ್ಬಿತು. ತೆಳ್ಳಗಿನ ಸೆಟ್ಟಿನಲ್ಲಿ ಕೂದಲೆಳೆಯಷ್ಟು ಉಬ್ಬಿದರೂ ಹಿಂದಿನ ಮುಚ್ಚಳ ಕೂರುವುದಿಲ್ಲ. ಇ71ರ ಬ್ಯಾಟರಿಯ ಹೆಸರು ಬಿಪಿ-4ಎಲ್, ಆದರೆ ಹಾಗಂತ ಬರೆದದ್ದೆಲ್ಲ ಬಿಪಿ-4ಎಲ್ ಅಲ್ಲ. ಕೊನೆಗೆ 650 ಕೊಟ್ಟು ಒಳ್ಳೆಯದು ತಂದೆ. ಎಲ್ಲಿಂದ ಅಂತ ಕೇಳಬೇಡಿ, ಅವರ ಹತ್ತಿರ ಉಳಿದಿರುವುದೇ ಕೆಲವು.

ಆದರೆ ನಿಜವಾದ ಕಳ್ಳ ಬ್ಯಾಟರಿಯಾಗಿರಲಿಲ್ಲ, ನೆಟ್‌ವರ್ಕ್ ಸೆಟ್ಟಿಂಗ್ ಆಗಿತ್ತು. ಡ್ಯುಯಲ್ ಮೋಡಿನಲ್ಲಿ (2ಜಿ, 3ಜಿ ಎರಡೂ) ಬಿಟ್ಟರೆ ಸೆಟ್ಟು 3ಜಿ ಹುಡುಕುತ್ತಲೇ ಇರುತ್ತದೆ. ನನ್ನ ಸಿಮ್ಮಿಗೆ 3ಜಿ ಎಲ್ಲಿಂದ ಬರಬೇಕು? ಜಿಎಸ್‌ಎಂ (2ಜಿ) ಮಾತ್ರ ಅಂತ ಇಟ್ಟ ದಿನದಿಂದ ಭಾನುವಾರ ರಾತ್ರಿ ತುಂಬಿಸಿದ್ದು ಬುಧವಾರದ ತನಕ ಬರುತ್ತದೆ. ದಿನಕ್ಕೆ ನೂರರ ಆಸುಪಾಸು ಕಾಲ್, ಒಟ್ಟು ಎರಡು ಗಂಟೆ ಮಾತು. ಇದನ್ನು ಹದಿನೈದು ದಿನ ಬಿಲ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದೇ ಇಟ್ಟಿದ್ದೇನೆ. ನಂಬದವರಿಗೆ ತೋರಿಸಿದ್ದೂ ಉಂಟು.

ಕೆಲಸಕ್ಕೆ ಹೇಗೆ ಅಂದರೆ: ಕಾಂಟ್ಯಾಕ್ಟ್ಸ್‌ಗೆ ಬೇರೆಯೇ ಕೀ ಉಂಟು. ಒಮ್ಮೆ ಒತ್ತಿ ಎರಡು ಅಕ್ಷರ ಕುಟ್ಟಿದರೆ ಬೋಟು ನಡೆಸುವ ತಂಡೇಲರ ನಂಬರ್ ಎದುರಿಗೆ. ಒತ್ತಿ ಹಿಡಿದರೆ ಹೊಸ ನಂಬರ್ ಸೇರಿಸಬಹುದು. ಬೆಳಕು ಹರಿಯುವ ಮೊದಲು ಕೀಗಳ ಬೆಳಕು ಸಾಕು, ಒಂದೇ ಹೆಬ್ಬೆರಳಿನಲ್ಲಿ ನೋಟ್ಸ್ ಬರೆಯುತ್ತೇನೆ: ಬಂಗುಡೆ 40 ಕ್ರೇಟು, ಬೊಂಡಾಸ್ 12, ಇಂಗ್ಲಿಷ್ ಅಕ್ಷರದಲ್ಲೇ. ಟೆಂಪೋದವನಿಗೆ ಎಸ್‌ಎಂಎಸ್ ಸೋಮೇಶ್ವರ ತಲುಪುವ ಮೊದಲೇ ಹೋಗಬೇಕು, ಆಗುಂಬೆ ಘಾಟಿ ಹತ್ತಿದ ಮೇಲೆ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ಹೋಮ್ ಸ್ಕ್ರೀನ್ ಎರಡು ಇಟ್ಟುಕೊಳ್ಳಬಹುದು, ಕೆಲಸಕ್ಕೊಂದು, ಮನೆಗೊಂದು. ಹತ್ತೂವರೆಗೆ ಬಂದರಿನ ಗೇಟು ದಾಟುವಾಗ ನಾನು ಮನೆಯದ್ದಕ್ಕೆ ಬದಲಿಸುತ್ತೇನೆ. ಹೆಂಡತಿಗೆ ಇ71ರಲ್ಲಿ ಇಷ್ಟವಾದದ್ದು ಇದೊಂದೇ.

ವಾಟ್ಸ್‌ಆ್ಯಪ್ ಈ ಸೆಟ್ಟುಗಳಲ್ಲಿ 2017ರ ಜೂನಿಗೇ ನಿಂತಿತು. ಹಾಗಾಗಿ ಒಂದು ಸ್ಮಾರ್ಟ್‌ಫೋನ್ ಆಫೀಸಿನ ಮೇಜಿನ ಮೇಲೆ ಚಾರ್ಜರಿಗೆ ಹಾಕಿಯೇ ಇರುತ್ತದೆ. ಫೋಟೊ, ಪೇಮೆಂಟ್ ಎಲ್ಲ ಅಲ್ಲಿ, ಹುಡುಗ ನೋಡಿಕೊಳ್ಳುತ್ತಾನೆ. ಇಂಟರ್ನೆಟ್ ಇಲ್ಲದೆ ನಡೆಯುವ *99# ಮೂಲಕ ಹಣ ಕಳಿಸಿಯೂ ನೋಡಿದೆ. ನಡೆಯುತ್ತದೆ, ಆದರೆ ಒಂದು ಸಲಕ್ಕೆ 5,000 ಮಿತಿ. ಚಹಾ, ಡೀಸೆಲ್‌ಗೆ ಸರಿ, ಮೀನಿನ ಲೆಕ್ಕಕ್ಕೆ ಎಲ್ಲಿ ಸಾಕು? ಬ್ಯಾಂಕಿನ ಮೆಸೇಜು ಕನ್ನಡದಲ್ಲಿ ಬಂದರೆ ನನ್ನ ಸೆಟ್ಟಿನಲ್ಲಿ ಬರೀ ಚೌಕ ಕಾಣುತ್ತದೆ, ಆದ್ದರಿಂದ ಇಂಗ್ಲಿಷಿಗೆ ಬದಲಿಸಿಕೊಂಡೆ. 2010ರ ಸುಮಾರಿಗೆ ಒಪೇರಾ ಮಿನಿ ಬ್ರೌಸರಿನ ಒಳಸೆಟ್ಟಿಂಗಿನಲ್ಲಿ ಬಿಟ್‌ಮ್ಯಾಪ್ ಫಾಂಟ್ (ಅಕ್ಷರವನ್ನು ಚಿತ್ರವಾಗಿ ತೋರಿಸುವುದು) ಆನ್ ಮಾಡಿ ಕನ್ನಡ ಓದುತ್ತಿದ್ದೆವು, ನೆನಪಿರುವವರಿಗೆ ನೆನಪಿರಬಹುದು. ಆ ಖುಷಿಯೇ ಬೇರೆ.

ಜೂನ್, ಜುಲೈ ಮೀನುಗಾರಿಕೆ ನಿಷೇಧದ ಎರಡು ತಿಂಗಳು ನನಗೆ ಪ್ರಯೋಗದ ಕಾಲ. ಹೋದ ಮಳೆಗಾಲದಲ್ಲಿ ನೋಕಿಯಾದ್ದೇ ಇನ್ನೊಂದು ಸೆಟ್ ಇ52 ತಂದೆ. 98 ಗ್ರಾಂ, 9.9 ಮಿಲಿಮೀಟರ್, ಬ್ಯಾಟರಿ ಕೂಡ ಇ71ರದ್ದೇ ಆಗುತ್ತದೆ. ಜೇಬಿನಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ. ಆದರೆ ನಂಬರ್ ಕೀಯಲ್ಲಿ ಅಷ್ಟುದ್ದ ನೋಟ್ಸ್ ಬರೆಯಲು ನನಗೆ ತಾಳ್ಮೆ ಸಾಲಲಿಲ್ಲ, ಭಾವನಿಗೆ ಕೊಟ್ಟೆ. ಹಳೆಯ ಆ್ಯಪ್ ಹಾಕುವಾಗ ಸರ್ಟಿಫಿಕೇಟ್ ಅವಧಿ ಮುಗಿದಿದೆ ಅಂತ ಬಂದರೆ ಫೋನಿನ ತಾರೀಕು 2009ಕ್ಕೆ ಹಿಂದೆ ಇಟ್ಟು ಹಾಕಿ, ಆಮೇಲೆ ಸರಿ ಮಾಡಿ. ಒದ್ದೆಯಾದ ಸೆಟ್ಟನ್ನು ಅಕ್ಕಿ ಡಬ್ಬಿಯಲ್ಲಿ ಇಡುವುದನ್ನೂ ನೋಡಿದೆ, ನಾಲ್ಕು ದಿನ ಕುಚ್ಚಲಕ್ಕಿಯಲ್ಲಿ. ಉಪ್ಪು ಒಳಗೇ ಉಳಿಯಿತು, ಅಕ್ಕಿ ಧೂಳು ಚಾರ್ಜರ್ ತೂತಿಗೆ ಹೋಯಿತು. ಬಿಚ್ಚಿಸಿ ಸ್ಪಿರಿಟ್ಟಿನಲ್ಲಿ ತೊಳೆಸಬೇಕಾಯಿತು, 400. ಕೀಪ್ಯಾಡ್ ಹೊಸದಕ್ಕೆ 350.

ಆಮೇಲೆಯೇ ಕೀಪ್ಯಾಡಿನ ಅಡಿಗೆ ಉಪ್ಪುನೀರು ಇಳಿಯದ ಹಾಗೆ ಒಂದು ಪದರ ಕೂರಿಸಿದ್ದು. ನಾಲ್ಕು ವಸ್ತು ಹಾಳು ಮಾಡಿ ಐದನೆಯದು ಹಿಡಿಯಿತು. ಅದು ದಕ್ಕೆಯಲ್ಲೇ ಸಿಗುವ ವಸ್ತು, ಬೋಟಿನವರಿಗೆ ಪರಿಚಯವಿರುವಂಥದ್ದು. ಅಷ್ಟು ಮಾತ್ರ ಹೇಳುತ್ತೇನೆ, ಅದರಲ್ಲಿ ನನ್ನ ಒಂದು ಮಳೆಗಾಲ ಹೋಗಿದೆ.

ಡೂಪ್ಲಿಕೇಟ್ ಸೇರಿಸಿ ಎಲ್ಲಾ ಖರ್ಚು ಎಂಟೂವರೆ ಸಾವಿರದ ಹತ್ತಿರ, ಇ52 ಬಿಟ್ಟು. ನೀರಿಗೆ ಹೋದ ಎರಡು ಸ್ಮಾರ್ಟ್‌ಫೋನಿನ ಲೆಕ್ಕ ಮೇಲೆಯೇ ಉಂಟು. ಆಗಸ್ಟ್ 1ಕ್ಕೆ ಬೋಟು ಇಳಿಯುವ ಮೊದಲು ಮುಚ್ಚಳ ಬಿಚ್ಚಿ ಪದರ ಹೊಸತು ಹಾಕಬೇಕು, ಇಯರ್‌ಪೀಸಿನ ಜಾಲರಿಯಲ್ಲಿ ಕೂತ ಉಪ್ಪನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬೇಕು. ಆ ಇಬ್ಬರಿಗೆ ಹುಡುಕಿದ ಸೆಟ್ಟುಗಳಲ್ಲಿ ಒಂದು ಸಿಕ್ಕಿದೆ, ಆರ್‌ಎಂ-346, ಚೀಟಿ ಹೊಂದುತ್ತದೆ. ಬ್ಯಾಟರಿ ಮಾತ್ರ ಉಬ್ಬಿದ್ದು.