ಒಂದೇ ಕ್ಯಾನ್‌ವಾಸಿನಲ್ಲಿ ಇಬ್ಬರು ಬರೆಯುವಾಗ

ಕಾಸರಗೋಡಿನ ಕಲಾಶಿಬಿರಕ್ಕೆ ಜೋಡಿಯಾಗಿ ಹೊರಟವರೇ, ಏನು ಬರೆಯುವುದೆಂಬ ಚರ್ಚೆಗಿಂತ ಮೊದಲು ಯಾವ ಬಗೆಯ ಬಣ್ಣವೆಂದು ತೀರ್ಮಾನಿಸಿಕೊಳ್ಳಿ.

ಕಳೆದ ಮಳೆಗಾಲದಲ್ಲಿ ಬೇಕಲದ ಬಳಿ ನಾನು ಮತ್ತು ಕಣ್ಣೂರಿನ ಕಲಾವಿದೆಯೊಬ್ಬರು ಆರಡಿಯ ಕ್ಯಾನ್‌ವಾಸನ್ನು ಹಂಚಿಕೊಂಡಿದ್ದೆವು. ಅವರದು ಎಣ್ಣೆಯಲ್ಲಿ ಕಲಸಿದ ತೈಲವರ್ಣ, ನನ್ನದು ನೀರಿನಲ್ಲಿ ಕಲಸುವ ಅಕ್ರಿಲಿಕ್. ಅವರು ಎರಡು ದಿನ ಕೂತು ಬರೆದ ಮುರಕಲ್ಲಿನ ಗೋಡೆ ಮುಟ್ಟಿದರೆ ಒಣಗಿದಂತೆಯೇ ಇತ್ತು. ಅದರ ಮೇಲೆ ನಾನು ಪಾಚಿಯ ಹಸಿರು ಹಚ್ಚಿದೆ. ಎಣ್ಣೆಯ ಮೇಲೆ ಅಕ್ರಿಲಿಕ್ ಕಚ್ಚಿಕೊಳ್ಳುವುದಿಲ್ಲ. ವಾರದೊಳಗೆ ಉಗುರು ತಾಗಿದಲ್ಲೆಲ್ಲ ಹಸಿರು ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಅವರು ಏನೂ ಅನ್ನಲಿಲ್ಲ. ನನಗೆ ಮಾತ್ರ ಬಹಳ ನೋವಾಯಿತು.

ಹಾಗಾಗಿ ಅಕ್ರಿಲಿಕ್‌ನವರು ಮೊದಲು, ತೆಳುವಾಗಿ ಬಳಿಯಲಿ. ಅದು ಪೂರ್ತಿ ಒಣಗಿದ ಮೇಲೆ ತೈಲವರ್ಣ. ನಮ್ಮ ಕರಾವಳಿಯ ಜುಲೈ ತಿಂಗಳ ತೇವದಲ್ಲಿ ಯಾವ ಬಣ್ಣವೂ ಬೇಗ ಆರುವುದಿಲ್ಲ. ಫ್ಯಾನಿನ ಗಾಳಿಯಲ್ಲಿ ಕನಿಷ್ಠ ಒಂದು ರಾತ್ರಿ ಬಿಡಿ.

ಇನ್ನೊಬ್ಬರ ಭಾಗವನ್ನು ಮುಚ್ಚುವ ಮುನ್ನ ಕೇಳಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಕ್ಯಾನ್‌ವಾಸಿನ ಹಿಂದಿನ ಮರದ ಚೌಕಟ್ಟಿನ ಮೇಲೆ ಇಬ್ಬರ ಹೆಸರು, ಬಳಸಿದ ಬಣ್ಣಗಳನ್ನು ಪೆನ್ಸಿಲಿನಲ್ಲಿ ಬರೆದಿಡಿ. ಮುಂದೆ ದುರಸ್ತಿ ಮಾಡುವವರಿಗೆ ಅದು ನೆರವಾಗುತ್ತದೆ.