ಮಾತಾಡಲು ಹಿಂಜರಿಯುವ ಮಕ್ಕಳಿಗೆ ಗೆರೆ ಆಟ

ಹದಿಹರೆಯದವರ ಗುಂಪು ನಡೆಸುವವರಿಗೆ ಒಂದು ಸಲಹೆ. ಮೊದಲ ದಿನವೇ ಭಾಷಣ ಮಾಡಿಸಬೇಡಿ. ಮೂರ್ನಾಲ್ಕು ಜನ ಮಾತಾಡ್ತಾರೆ, ಉಳಿದವರು ನೆಲ ನೋಡ್ತಾರೆ.

ಅದರ ಬದಲು ಸೀಮೆಸುಣ್ಣದಿಂದ ಉದ್ದನೆಯ ಗೆರೆ ಎಳೆಯಿರಿ. ಒಂದು ತುದಿ ‘ಒಪ್ತೀನಿ’, ಇನ್ನೊಂದು ‘ಒಪ್ಪಲ್ಲ’. ‘ಮತದಾನದ ವಯಸ್ಸು 16 ಆಗಬೇಕು’ ಅನ್ನಿ. ಎಲ್ಲರೂ ತಮಗೆ ಸರಿ ಕಂಡಲ್ಲಿ ನಿಲ್ಲಲಿ. ಮೊದಲು ಪಕ್ಕದವರಿಗಷ್ಟೇ ಕಾರಣ ಹೇಳಲಿ. ಸಂಕೋಚದ ಮಕ್ಕಳ ಬಾಯಿ ಬಿಡಿಸುವುದು ಇದೇ ಹಂತ, ಅವಸರ ಬೇಡ. ಆಮೇಲೆ ಎದುರು ತುದಿಯವರ ವಾದ ಕೇಳಿ, ಬೇಕಿದ್ದರೆ ಜಾಗ ಬದಲಿಸಬಹುದು. ಬದಲಿಸಿದವರನ್ನು ಗೇಲಿ ಮಾಡಕೂಡದು, ಈ ನಿಯಮ ಮಾತ್ರ ಬಿಗಿಯಾಗಿರಲಿ.

ಆಸ್ಟ್ರಿಯಾ 2007ರಲ್ಲೇ ಮತದಾನದ ವಯಸ್ಸನ್ನು 16ಕ್ಕೆ ಇಳಿಸಿದೆ ಎಂಬುದನ್ನು ಚರ್ಚೆ ಕಾವೇರಿದ ಮೇಲೆ ಹೇಳಿ, ಗೆರೆ ಮತ್ತೆ ಅಲುಗಾಡುತ್ತೆ! ನಿಮ್ಮ ಅಭಿಪ್ರಾಯ ಮಾತ್ರ ಹೇಳಿಬಿಡಬೇಡಿ.