ಪರದೆಯ ಮೇಲೆ ಏರುವ ಕಪ್ಪು ಪಟ್ಟಿ: ಕಳ್ಳ ಯಾವ ತಂತಿಯಲ್ಲಿದ್ದಾನೆ?

ಉಡುಪಿಯ ನಮ್ಮ ಮನೆಯ ಮಾಳಿಗೆಯಲ್ಲಿ ಪ್ರೊಜೆಕ್ಟರ್ ಹಾಕಿಸಿದ ಮೊದಲ ಬೇಸಿಗೆ. ಲೋಕಲ್ ಕೇಬಲ್ ಚಾನೆಲ್‌ನಲ್ಲಿ ಯಕ್ಷಗಾನ. ವೇಷಧಾರಿಯ ಗೆಜ್ಜೆಯ ಬಳಿ ಮಬ್ಬು ಕಪ್ಪು ಪಟ್ಟಿಯೊಂದು ಹುಟ್ಟಿ, ಸಾವಕಾಶವಾಗಿ ಸೊಂಟಕ್ಕೆ, ಎದೆಗೆ ಏರಿ ಕೇದಗೆ ಮುಂದಲೆ ದಾಟಿ ಮರೆಯಾಗುತ್ತಿತ್ತು. ಮತ್ತೆ ಗೆಜ್ಜೆಯಿಂದ ಶುರು. ಪ್ರೊಜೆಕ್ಟರ್ ಕೆಟ್ಟಿದೆ ಎಂದು ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋದೆ. ಅಲ್ಲಿ ಅದು ಸರಿಯಾಗಿಯೇ ಇತ್ತು. ನೀವು ಹಾಗೆ ಹೋಗುವ ಮೊದಲು ಇದಿಷ್ಟನ್ನು ನೋಡಿ.

ಮೊದಲು ಬರಿಗಣ್ಣಿನಿಂದ ನೋಡಿ. ಮೊಬೈಲ್ ಕ್ಯಾಮೆರಾದಲ್ಲಿ ಮಾತ್ರ ಕಾಣುವ ಪಟ್ಟಿ ದೋಷವೇ ಅಲ್ಲ. ಬಳಿಕ ಪ್ರೊಜೆಕ್ಟರಿನದೇ ಮೆನು ತೆರೆಯಿರಿ. ಚಿತ್ರದಲ್ಲಿ ಪಟ್ಟಿ ಇದ್ದು ಮೆನು ಅಕ್ಷರಗಳು ಶುದ್ಧವಾಗಿದ್ದರೆ ತೊಂದರೆ ಹೊರಗಿನಿಂದ ಬರುವ ಸಂಕೇತದ ತಂತಿಯಲ್ಲಿದೆ. ಮೆನುವೂ ಅಲುಗಿದರೆ ವಿದ್ಯುತ್ ಪೂರೈಕೆಯನ್ನೋ ಯಂತ್ರವನ್ನೋ ಶಂಕಿಸಬೇಕು.

ಇನ್ನು ತಂತಿ ಬಿಡಿಸುವ ಕೆಲಸ. ಒಂದು ಸಲಕ್ಕೆ ಒಂದೇ ತಂತಿ. ಸೆಟ್‌ಟಾಪ್ ಬಾಕ್ಸ್ ಆಫ್ ಮಾಡಿ, ಪ್ಲಗ್ ಕಿತ್ತು, ಹಿಂದಿನ ಕೇಬಲ್ ಟಿವಿ ತಂತಿಯನ್ನು ತಿರುಗಿಸಿ ತೆಗೆಯಿರಿ. ಮತ್ತೆ ಆನ್ ಮಾಡಿ. ಚಾನೆಲ್ ಬಾರದಿದ್ದರೂ ಬಾಕ್ಸಿನ ಮೆನು ಪರದೆಗೆ ಬರುತ್ತದೆ. ಪಟ್ಟಿ ಮಾಯವಾಗಿದ್ದರೆ ಕಳ್ಳ ಸಿಕ್ಕಿದ. ನಮ್ಮಲ್ಲಿ ಆದದ್ದೂ ಅದೇ.

ಕಾರಣ ಇಷ್ಟು. ಪ್ರೊಜೆಕ್ಟರಿನ ಮೂರನೇ ಪಿನ್ ಮನೆಯ ಅರ್ಥಿಂಗ್‌ಗೆ ಸೇರಿದೆ. ಕೇಬಲ್ ತಂತಿಯ ಹೊರಜಾಲರಿ ಬೀದಿಯಲ್ಲೆಲ್ಲೋ ಬೇರೆ ಕಡೆ ನೆಲಕ್ಕೆ ಸೇರಿದೆ. ಎರಡು ನೆಲಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸವಿದ್ದರೂ ಜಾಲರಿಯ ಮೂಲಕ 50 ಹರ್ಟ್ಸ್ ಕರೆಂಟ್ ಹರಿಯುತ್ತದೆ. ಬಾಕ್ಸಿನಿಂದ ಪ್ರೊಜೆಕ್ಟರಿಗೆ ಹೋಗುವ ಹಳದಿ ತಂತಿಯಲ್ಲಿ ಸಾಗುವ ಚಿತ್ರಸಂಕೇತವೇ ಒಟ್ಟು 1 ವೋಲ್ಟಿನಷ್ಟು. ಅದರ ಮೇಲೆ ಹತ್ತನೇ ಒಂದು ಪಾಲು ಹತ್ತಿ ಕುಳಿತರೂ ಕಣ್ಣಿಗೆ ಕಾಣುತ್ತದೆ. ನಮ್ಮ ಟಿವಿ ಚಿತ್ರವೂ ಸೆಕೆಂಡಿಗೆ 50 ಬಾರಿಯ ಲೆಕ್ಕದಲ್ಲೇ ಬರುವುದರಿಂದ ಎರಡೂ ಹೆಚ್ಚುಕಡಿಮೆ ಹೆಜ್ಜೆ ಕೂಡಿಸಿ ನಡೆಯುತ್ತವೆ. ಆ ಅಲ್ಪ ಅಂತರದಿಂದಾಗಿ ಪಟ್ಟಿ ನಿಧಾನವಾಗಿ ಸರಿಯುತ್ತದೆ. ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದೂ ಬಹುತೇಕ ಇದೇ ಮೂಲದ್ದು.

ಪರಿಹಾರವಾಗಿ, ಪ್ರೊಜೆಕ್ಟರ್, ಬಾಕ್ಸ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಸಾಲದಿದ್ದರೆ ಕೇಬಲ್ ತಂತಿಗೆ ಜಾಲರಿಯಲ್ಲಿ ಹರಿಯುವ ಈ ಕರೆಂಟನ್ನು ತಡೆಯುವ, ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಬೆರಳುದ್ದದ ತುಂಡು ಸೇರಿಸಬೇಕು. ಡಿಶ್ ತಂತಿಗೆ ಅದು ಸಾಮಾನ್ಯವಾಗಿ ಒಗ್ಗದು, ಏಕೆಂದರೆ ಆ ತಂತಿಯಲ್ಲೇ ಡಿಶ್ಶಿನ ತಲೆಗೆ ಕರೆಂಟ್ ಹೋಗಬೇಕು.

ಪ್ರೊಜೆಕ್ಟರಿನ ಮೂರನೇ ಪಿನ್ ಕತ್ತರಿಸಿದರೆ ಪಟ್ಟಿ ಹೋಗುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ಹೋಗುತ್ತದೆ, ನಿಜ. ಯಂತ್ರದೊಳಗೆ ತಂತಿ ಸಡಿಲವಾದ ದಿನ ಅದರ ಮೈ ಮುಟ್ಟಿದವರ ಗತಿಯನ್ನು ಆ ಸಲಹೆಗಾರರು ಹೇಳುವುದಿಲ್ಲ. ಪಿನ್ ಮುಟ್ಟಬೇಡಿ.

ಮುಟ್ಟಬೇಕಾದದ್ದು ನೆಲದಲ್ಲಿ ತೋಡಿದ ಅರ್ಥಿಂಗ್ ಗುಂಡಿಯನ್ನು, ಅದನ್ನೂ ಎಲೆಕ್ಟ್ರಿಷಿಯನ್ ಕೈಯಿಂದ. ಮುರಕಲ್ಲಿನ ನೆಲ ಮಳೆಗಾಲದಲ್ಲಿ ಎಷ್ಟು ನೀರು ಕುಡಿದರೂ ಏಪ್ರಿಲ್ ಹೊತ್ತಿಗೆ ಒಣಗಿ ಬಿರಿಯುತ್ತದೆ. ಒಣನೆಲ ಕರೆಂಟನ್ನು ಸರಿಯಾಗಿ ಇಳಿಸಿಕೊಳ್ಳದು. ಸಾಲದ್ದಕ್ಕೆ ಕಡಲ ಗಾಳಿಯ ಉಪ್ಪು. ನಮ್ಮ ಗುಂಡಿಯ ಮುಚ್ಚಳ ತೆಗೆದಾಗ ತಾಮ್ರದ ತಂತಿ ಬೋಲ್ಟಿಗೆ ಸೇರುವಲ್ಲಿ ಹಸಿರು ಕಿಲುಬು ಪುಡಿಪುಡಿಯಾಗಿ ಉದುರಿತು. "ಇದು ಅರ್ಥಿಂಗ್ ಅಲ್ಲ ಮಾರಾಯರೇ, ಬರೀ ಅಲಂಕಾರ" ಎಂದರು ಎಲೆಕ್ಟ್ರಿಷಿಯನ್. ಉಜ್ಜಿ, ಹೊಸ ಬೋಲ್ಟ್ ಬಿಗಿದು, ಎರಡು ಕೊಡ ನೀರು ಹೊಯ್ದರು. ಮೀಟರಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಒಂದೆರಡು ವೋಲ್ಟ್ ತೋರಿದರೆ ಚಿಂತೆಯಿಲ್ಲ. ಹತ್ತಿಪ್ಪತ್ತು ತೋರಿದರೆ ಪ್ರೊಜೆಕ್ಟರಿನ ಮಾತು ಆಮೇಲೆ, ಮೊದಲು ಮನೆಯ ವೈರಿಂಗ್ ನೋಡಿಸಿ.

ಅಗಲ ಪಟ್ಟಿಯ ಬದಲು ಸಣ್ಣ ಗೀರು, ಚುಕ್ಕಿಗಳು ಸಾಲಾಗಿ ಮೂಡಿದರೆ ಫ್ಯಾನ್ ಆಫ್ ಮಾಡಿ. ನಯವಾಗಿ ತಿರುಗುವ ಹಳೆಯ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟನ್ನು ಸೆಕೆಂಡಿಗೆ 100 ಬಾರಿ ಕತ್ತರಿಸಿ ಕೊಡುತ್ತದೆ, ಅದರ ಕಿರಿಕಿರಿ ಚಿತ್ರಕ್ಕೂ ಹತ್ತುತ್ತದೆ. ಟಕ್ ಟಕ್ ಎಂದು ಹಂತಹಂತವಾಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿದರೆ ಸಾಕು. ಕರೆಂಟ್ ಹೋದಾಗ ಮಾತ್ರ ತೊಂದರೆ ಕಂಡರೆ ಇನ್ವರ್ಟರ್ ಸ್ಕ್ವೇರ್ ವೇವ್‌ನದೇ, ಅಂದರೆ ನಯವಾದ ಅಲೆಯ ಬದಲು ಚೌಕಾಕಾರದ ಅಲೆಯಾಗಿ ಕರೆಂಟ್ ಕೊಡುವಂಥದೇ ಎಂದು ನೋಡಿ.

ಎಚ್‌ಡಿಎಂಐ ತಂತಿಯಲ್ಲಿ ಏರುವ ಪಟ್ಟಿ ಬರುವುದಿಲ್ಲ. ಬಿಳಿ ಮಿಂಚುಚುಕ್ಕಿ, ಇಲ್ಲವೇ ಕ್ಷಣಕಾಲ ಪರದೆಯೇ ಕಪ್ಪು. ಉದ್ದದ ತಂತಿಗಳ ಕಾಟ ಇದು. ಬೇರೆ ಗಿಡ್ಡ ತಂತಿ ಹಾಕಿ ಪರೀಕ್ಷಿಸಿ. 10 ಮೀಟರ್ ದಾಟುವುದಾದರೆ ಸಂಕೇತವನ್ನು ಬೆಳಕಾಗಿ ಸಾಗಿಸುವ ಆಪ್ಟಿಕಲ್ ಎಚ್‌ಡಿಎಂಐ ಕೊಳ್ಳುವುದು ಒಳ್ಳೆಯದು. ಅದಕ್ಕೆ ದಿಕ್ಕಿದೆ: ಒಂದು ತುದಿ ಬಾಕ್ಸಿಗೆ, ಇನ್ನೊಂದು ಪ್ರೊಜೆಕ್ಟರಿಗೆ. ತುದಿಯ ಮೇಲಿನ ಗುರುತು ಓದಿಯೇ ಪೈಪಿನೊಳಗೆ ತೂರಿಸಿ. ನಾನು ಓದದೆ ತೂರಿಸಿ, ಇಡೀ ತಂತಿಯನ್ನು ಹಿಂದಕ್ಕೆ ಎಳೆಯುವುದರಲ್ಲಿ ಒಂದು ಭಾನುವಾರ ಕಳೆದೆ.